ಅಳತೆ ತಪ್ಪದ ವಲಸೆ: ಉಡುಪಿನ ಅಚ್ಚುಗಳು ರಟ್ಟಿನಿಂದ ಗಣಕಕ್ಕೆ

(ಹಫ್ರ್ ಅಲ್ ಬಾತಿನ್‌ನ ಕನ್ನಡ ಬಾಂಧವರ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ನಿಮ್ಮ ಈ ಊರಿನ ಹೆಸರಿನಲ್ಲಿಯೇ ಅಗೆಯುವುದು, ತೋಡುವುದು ಎಂಬ ಅರ್ಥ ಅಡಗಿದೆ. ಬಸ್ರಾದಿಂದ ಮೆಕ್ಕಾದ ಕಡೆಗೆ ಸಾಗುತ್ತಿದ್ದ ಯಾತ್ರಿಕರಿಗಾಗಿ ಅಬೂ ಮೂಸಾ ಅಲ್ ಅಶ್ಅರಿಯವರು ಇಲ್ಲಿ ಬಾವಿಗಳನ್ನು ತೋಡಿಸಿದರೆಂದು ಇತಿಹಾಸ ಹೇಳುತ್ತದೆ. ದಾರಿಹೋಕರ ಬಾಯಾರಿಕೆಯಿಂದ ಹುಟ್ಟಿದ ಊರಿದು. ನಾವೂ ಒಂದು ಬಗೆಯಲ್ಲಿ ದಾರಿಹೋಕರೇ. ವಲಸೆ ಬಂದವರಾದ ನಿಮ್ಮ ಮುಂದೆ ಮತ್ತೊಂದು ಬಗೆಯ ವಲಸೆಯ ವಿಚಾರವನ್ನು ಇಡಬೇಕೆಂದು ಬಂದಿದ್ದೇನೆ. ಅದು ದರ್ಜಿಯ ರಟ್ಟಿನ ಅಚ್ಚು ಗಣಕಯಂತ್ರದೊಳಕ್ಕೆ ಹೋಗುವ ವಲಸೆ.

ಹೊಲಿಗೆಯ ಕಸುಬು ಕನ್ನಡ ನಾಡಿಗೆ ಹೊಸದಲ್ಲ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರೇ ಇದ್ದರು. ಇಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಿಂದ ಬಳ್ಳಾರಿಯ ಜೀನ್ಸ್ ಹೊಲಿಯುವ ಓಣಿಗಳವರೆಗೆ, ಅಲ್ಲಿಂದ ಕೊಲ್ಲಿ ನಾಡುಗಳ ತೋಬ್ ಅಂಗಡಿಗಳವರೆಗೆ ಈ ಕಾಯಕ ಹಬ್ಬಿದೆ. ಇವೆಲ್ಲ ಕಡೆಗಳಲ್ಲಿಯೂ ಗೋಡೆಯ ಮೊಳೆಯೊಂದಕ್ಕೆ ರಟ್ಟಿನ ತುಂಡುಗಳ ಗೊಂಚಲು ನೇತಾಡುತ್ತಿರುತ್ತದೆ. ಮುಂಭಾಗ, ಬೆನ್ನು, ತೋಳು, ಕಾಲರು, ಜೇಬು. ಕಾಣುವವರಿಗೆ ಅದು ಕಸ. ಕತ್ತರಿಸುವ ಮಾಸ್ಟರರಿಗೆ ಅದು ಆಸ್ತಿ.

ಅಚ್ಚೆಂದರೆ ಬರಿಯ ಹೊರಗೆರೆಯಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಅದರಲ್ಲಿ ಕನಿಷ್ಠ ನಾಲ್ಕು ಮಾತುಗಳಿವೆ. ಬಟ್ಟೆಯ ಹಾಸಿನ ಎಳೆ ಯಾವ ದಿಕ್ಕಿಗೆ ಓಡಬೇಕೆಂಬ ಗೆರೆ ಒಂದು. ತೋಳು ಮತ್ತು ಕಂಕುಳು ಎಲ್ಲಿ ಕೂಡಬೇಕೆಂದು ತಿಳಿಸುವ ಸಣ್ಣ ಕಚ್ಚುಗಳು ಎರಡು. ಹೊಲಿಗೆಗೆಂದು ಬಿಟ್ಟ ಅಂಚು ಮೂರು. ಮೈಯ ಅಳತೆಗಿಂತ ಉಡುಪಿಗೆ ಎಷ್ಟು ಸಡಿಲ ಕೊಟ್ಟಿದೆ ಎಂಬುದು ನಾಲ್ಕು. ಮೊದಲಿನ ಎರಡು ರಟ್ಟಿನ ಮೇಲೆ ಕಣ್ಣಿಗೆ ಕಾಣುತ್ತವೆ. ಕೊನೆಯ ಎರಡು ಬಹುಮಟ್ಟಿಗೆ ಮಾಸ್ಟರರ ತಲೆಯಲ್ಲಿರುತ್ತವೆ. ವಲಸೆಯಲ್ಲಿ ಕಳೆದುಹೋಗುವುದು ಹೆಚ್ಚಾಗಿ ಹೀಗೆ ಕಾಣದೆ ಇರುವುದೇ.

ಅಚ್ಚುಗಳು ಊರೂರು ತಿರುಗುವುದೂ ಹೊಸತಲ್ಲ. 1863ರಲ್ಲಿ ಅಮೆರಿಕದ ಎಬೆನೆಜರ್ ಬಟರಿಕ್ ಬೇರೆಬೇರೆ ಗಾತ್ರಗಳ ಕಾಗದದ ಅಚ್ಚುಗಳನ್ನು ಮಾರಾಟಕ್ಕಿಟ್ಟರು. ಸುಮಾರು ನೂರು ವರ್ಷಗಳ ತರುವಾಯ ಫ್ರಾನ್ಸಿನ ಮೋಟಾರು ಕಾರಿನ ಕಾರ್ಖಾನೆಗಳಲ್ಲಿ, ರೆನೋ ಸಂಸ್ಥೆಯ ಪಿಯೆರ್ ಬೆಝಿಯೇ ಮತ್ತು ಸಿಟ್ರೊಯೆನ್ ಸಂಸ್ಥೆಯ ಪಾಲ್ ದ ಕ್ಯಾಸ್ಟೆಲ್ಜೋ ಎಂಬವರು ಬಾಗು ಗೆರೆಗಳನ್ನು ಗಣಿತದಲ್ಲಿ ಹಿಡಿದಿಡುವ ವಿಧಾನವನ್ನು ಕಂಡುಕೊಂಡರು. ಕಾರಿನ ಮೈಗೆಂದು ಹುಟ್ಟಿದ ಆ ಗೆರೆಯೇ ಇಂದು ನಮ್ಮ ಅಂಗಿಯ ಕಂಕುಳನ್ನು ಬರೆಯುತ್ತಿದೆ. 1987ರ ಇಲಸ್ಟ್ರೇಟರ್, 1989ರ ಕೋರೆಲ್ ಡ್ರಾ, 2003ರಲ್ಲಿ ಆರಂಭವಾಗಿ ಎಲ್ಲರಿಗೂ ಉಚಿತವಾಗಿ ದೊರೆಯುವ ಇಂಕ್‌ಸ್ಕೇಪ್, ಇವೆಲ್ಲವೂ ಚಿತ್ರವನ್ನು ಚುಕ್ಕೆಗಳ ರಾಶಿಯಾಗಿ ಅಲ್ಲ, ರೇಖೆಗಳ ಲೆಕ್ಕವಾಗಿ ಕಾಪಿಡುವ ತಂತ್ರಾಂಶಗಳು. ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯದು. ಆದರೆ ಸುಲಭವಾಗಿ ಹಿಗ್ಗುವ ಗುಣವೇ ದರ್ಜಿಗೆ ಅಪಾಯ. ಚಿತ್ರಕಾರನಿಗೆ ಆಕಾರ ಸರಿಯಿದ್ದರೆ ಸಾಕು. ದರ್ಜಿಗೆ ಆಕಾರವೂ ಬೇಕು, ಅಳತೆಯೂ ಬೇಕು.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳುತ್ತೇನೆ. ಇಂಕ್‌ಸ್ಕೇಪ್ ತಂತ್ರಾಂಶವು ಮೊದಲು ಒಂದು ಅಂಗುಲಕ್ಕೆ 90 ಬಿಂದುಗಳೆಂದು ಲೆಕ್ಕ ಹಿಡಿಯುತ್ತಿತ್ತು. 2017ರ ಜನವರಿಯಲ್ಲಿ ಬಂದ 0.92ನೆಯ ಆವೃತ್ತಿಯಲ್ಲಿ, ಜಾಲದ ಮಾನಕಕ್ಕೆ ಹೊಂದಿಕೊಳ್ಳಲೆಂದು, ಅದನ್ನು 96ಕ್ಕೆ ಬದಲಿಸಿದರು. ಹಳೆಯ ಕಡತ ತೆರೆದಾಗ ‘ಅಳತೆಯನ್ನು ಹೊಂದಿಸಲೇ?’ ಎಂದು ತಂತ್ರಾಂಶ ಕೇಳುತ್ತದೆ. ನಾನು ಓದದೆ ಮುಂದುವರಿದೆ. ಬಿಂದುಗಳಲ್ಲಷ್ಟೇ ಅಳತೆ ಬರೆದಿದ್ದ ಆ ಅಚ್ಚು ನೂರಕ್ಕೆ 93.75ರಷ್ಟಕ್ಕೆ ಕುಗ್ಗಿತು. ಲೆಕ್ಕ ನೋಡಿ. ಎದೆಯ ಸುತ್ತು 100 ಸೆಂಟಿಮೀಟರು, ಸಡಿಲಕ್ಕೆ 12, ಒಟ್ಟು 112 ಇರಬೇಕಾದ ಅಂಗಿ 105ಕ್ಕೆ ಇಳಿಯಿತು. ಹನ್ನೆರಡರ ಸಡಿಲದಲ್ಲಿ ಉಳಿದದ್ದು ಐದು. ಅಂಗಿ ಮೈಗೇರಿತು, ಗುಂಡಿಯೂ ಕೂಡಿತು. ತೋಳೆತ್ತಿದಾಗ ಬೆನ್ನು ಬಿಗಿಯಿತು. ಅಷ್ಟರಲ್ಲಿ ಇಪ್ಪತ್ತನಾಲ್ಕು ಅಂಗಿಗಳ ಬಟ್ಟೆ ಕತ್ತರಿಸಿಯಾಗಿತ್ತು. ವಯಸ್ಸಾದ ಕಟಿಂಗ್ ಮಾಸ್ಟರರು ಮೊಳೆಯಿಂದ ಹಳೆಯ ರಟ್ಟನ್ನು ತೆಗೆದು ಬಟ್ಟೆಯ ಮೇಲಿಟ್ಟರು. ಸುತ್ತಲೂ ರಟ್ಟು ಹೊರಚಾಚಿ ನಿಂತಿತು. “ಅದು ಕೇಳಿತಲ್ಲಪ್ಪ, ನೀನು ಯಾಕೆ ಉತ್ತರ ಕೊಡಲಿಲ್ಲ?” ಎಂದಷ್ಟೇ ಹೇಳಿದರು. ಬಯ್ದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಇದಕ್ಕಿಂತ ದೊಡ್ಡ ತಪ್ಪು ಇಷ್ಟು ಕೆಡುಕು ಮಾಡದು. ಇಲಸ್ಟ್ರೇಟರಿನಲ್ಲಿ ಒಂದು ಅಂಗುಲಕ್ಕೆ 72 ಬಿಂದು. ಅಲ್ಲಿಂದ ಹೊರಟ ಎಸ್‌ವಿಜಿ ಕಡತ 96ರ ಲೆಕ್ಕದ ತಂತ್ರಾಂಶದಲ್ಲಿ ತೆರೆದುಕೊಂಡರೆ 112 ಸೆಂಟಿಮೀಟರಿನ ಅಂಗಿ 84 ಆಗುತ್ತದೆ. ಅದು ಮಗುವಿನ ಅಂಗಿಯೆಂದು ಕಣ್ಣಿಗೇ ತಿಳಿಯುತ್ತದೆ. ಸಣ್ಣ ತಪ್ಪು ಮಾತ್ರ ಸದ್ದಿಲ್ಲದೆ ಬಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಮುದ್ರಣ ಮಾಡುವಾಗ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ಉಳಿದುಬಿಟ್ಟರೂ ಇದೇ ಗತಿ.

ಎರಡನೆಯ ಅಪಾಯ ಬಾಗುಗಳದ್ದು. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಅಚ್ಚನ್ನು ಸಾಗಿಸಲು ಡಿಎಕ್ಸ್‌ಎಫ್ ಎಂಬ ಕಡತ ಬಗೆಯನ್ನು ಬಹಳವಾಗಿ ಬಳಸುತ್ತಾರೆ. 1982ರಲ್ಲಿ ಆಟೋಕ್ಯಾಡ್ ತಂತ್ರಾಂಶದೊಡನೆ ಬಂದದ್ದು ಅದು. ಅದರ ಹಳೆಯ ಆರ್12 ರೂಪದಲ್ಲಿ ಬೆಝಿಯೇ ಬಗೆಯ ನಯವಾದ ಬಾಗನ್ನು ಇದ್ದಂತೆಯೇ ಬರೆಯುವ ಬಗೆಯಿಲ್ಲ, ಸೆಂಟಿಮೀಟರೋ ಅಂಗುಲವೋ ಎಂದು ಹೇಳುವ ಸೂಚನೆಯೂ ಇಲ್ಲ. ಕಂಕುಳಿನ ಬಾಗು ಸಣ್ಣಸಣ್ಣ ನೇರ ಗೆರೆಗಳ ಸರಪಳಿಯಾಗುತ್ತದೆ. ಬಾಗಿನ ಮೇಲೆ ದಾರ ಹಾಸುವ ಬದಲು ಕಡ್ಡಿಗಳನ್ನು ಜೋಡಿಸಿದರೆ ಉದ್ದ ಕಡಿಮೆ ಬರುವಂತೆ, ಇಲ್ಲಿಯೂ ಸುತ್ತು ಕೊಂಚ ಕುಗ್ಗುತ್ತದೆ. ಕಡ್ಡಿಗಳು ಎಷ್ಟು ದೊಡ್ಡವೋ ಕುಗ್ಗುವುದೂ ಅಷ್ಟೇ ಹೆಚ್ಚು. ತೋಳಿನ ಬಾಗು ಒಂದು ಬಗೆಯಾಗಿ, ಕಂಕುಳಿನ ಬಾಗು ಇನ್ನೊಂದು ಬಗೆಯಾಗಿ ಕುಗ್ಗಿದರೆ ಎರಡೂ ಕೂಡುವುದಿಲ್ಲ.

ಉಡುಪು ಉದ್ಯಮದವರು ಇದೇ ಡಿಎಕ್ಸ್‌ಎಫ್‌ಗೆ ತಮ್ಮದೊಂದು ಕಟ್ಟಳೆಯನ್ನು ಮಾಡಿಕೊಂಡರು. ಅದರಂತೆ 1ನೆಯ ಪದರದಲ್ಲಿ ಹೊರಗೆರೆ, 4ನೆಯದರಲ್ಲಿ ಕಚ್ಚುಗಳು, 7ನೆಯದರಲ್ಲಿ ಎಳೆಯ ದಿಕ್ಕು, 14ನೆಯದರಲ್ಲಿ ಹೊಲಿಗೆಯ ಗೆರೆ. ಚಿತ್ರ ಬರೆಯುವ ಸಾಮಾನ್ಯ ತಂತ್ರಾಂಶಕ್ಕೆ ಈ ಸಂಖ್ಯೆಗಳ ಅರ್ಥ ತಿಳಿಯದು. ಅದಕ್ಕೆ ಎಲ್ಲವೂ ಬರಿಯ ಗೆರೆ. ಅರ್ಥವನ್ನು ಕಾಯುವ ಹೊಣೆ ನಮ್ಮದು.

ಮೂರನೆಯ ಅಪಾಯ ನಮಗೆ, ಕನ್ನಡಿಗರಿಗೆ, ಚೆನ್ನಾಗಿ ಪರಿಚಿತವಾದದ್ದು. 1991ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಬಹುಕಾಲ ನಾವು ಬೇರೆಬೇರೆ ಅಕ್ಷರಶೈಲಿಗಳ ಹಳೆಯ ಸಂಕೇತಗಳಲ್ಲಿಯೇ ಬೆರಳಚ್ಚು ಮಾಡಿದೆವು. ಅಂದಿನ ಆಮಂತ್ರಣ ಪತ್ರಿಕೆಯನ್ನೋ ಸ್ಮರಣ ಸಂಚಿಕೆಯನ್ನೋ ಇಂದು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಅಚ್ಚಿನ ಮೇಲೆ ‘ಎಡ ಮುಂಭಾಗ’, ‘ಎರಡು ಪದರ’, ‘ಅಂಚು ಸೇರಿದೆ’ ಎಂದು ಹಾಗೆ ಬರೆದಿದ್ದರೆ ಅದೂ ಕಿಚಡಿಯಾಗುತ್ತದೆ. ಅಂಚು ಸೇರಿದೆಯೋ ಇಲ್ಲವೋ ತಿಳಿಯದೆ ಮತ್ತೊಮ್ಮೆ ಅಂಚು ಬಿಟ್ಟರೆ ಉಡುಪು ಜೋತಾಡುತ್ತದೆ, ಬಿಡದಿದ್ದರೆ ಬಿಗಿಯುತ್ತದೆ.

ನಾಲ್ಕನೆಯದು, ತಂತ್ರಾಂಶವೇ ಕಣ್ಮುಚ್ಚುವ ಅಪಾಯ. ಫ್ರೀಹ್ಯಾಂಡ್ ಎಂಬ ತಂತ್ರಾಂಶ ಒಂದು ಕಾಲಕ್ಕೆ ಬಹು ಜನಪ್ರಿಯವಾಗಿತ್ತು. 2005ರಲ್ಲಿ ಅದರ ಒಡೆತನ ಅಡೋಬಿ ಸಂಸ್ಥೆಗೆ ಸೇರಿತು. 2007ರಲ್ಲಿ ಮುಂದಿನ ಬೆಳವಣಿಗೆಯನ್ನು ನಿಲ್ಲಿಸಲಾಯಿತು. ಅದರಲ್ಲಿ ದುಡಿದವರ ಕಡತಗಳು ಒಡೆಯರಿಲ್ಲದ ಮನೆಗಳಂತಾದವು. ರಟ್ಟಿಗೆ ಇಂತಹ ಸಾವಿಲ್ಲ. ಹಾಗೆಂದು ರಟ್ಟೂ ಅಮರವಲ್ಲ: ಚಾಕು ತಾಗಿ ಅಂಚು ಸವೆಯುತ್ತದೆ, ಮಂಗಳೂರಿನ ಮಳೆಗಾಲದ ತೇವದಲ್ಲಿ ತುಸು ಹಿಗ್ಗಿದ ಕಾಗದ ಇಲ್ಲಿಯ ಒಣಹವೆಯಲ್ಲಿ ತುಸು ಕುಗ್ಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಎಲ್ಲವನ್ನೂ ಸಾಗಿಸುವ ಹಂಬಲ ಬೇಡ. ಒಬ್ಬ ಗಿರಾಕಿಗೆ ಒಂದು ತೋಬ್ ಹೊಲಿಯುವವರಿಗೆ ಟೇಪು, ಚಾಕು, ಅನುಭವ ಸಾಕು. ಶಾಲೆಯ ಸಮವಸ್ತ್ರ, ಆಸ್ಪತ್ರೆಯ ಉಡುಪು, ಕೆಲಸಗಾರರ ಅಂಗಿ, ಹೀಗೆ ಮರಳಿ ಮರಳಿ ಬರುವ ಕೆಲಸದ ಅಚ್ಚುಗಳನ್ನು ಮೊದಲು ಆರಿಸಿಕೊಳ್ಳಿ. ಎರಡನೆಯದಾಗಿ, ಪ್ರತಿ ಅಚ್ಚಿನೊಳಗೂ 10 ಸೆಂಟಿಮೀಟರಿನ ಒಂದು ಚೌಕವನ್ನು ಬರೆದಿಡಿ. ಯಾವ ತಂತ್ರಾಂಶಕ್ಕೆ ಹೋದರೂ, ಯಾವ ಮುದ್ರಕದಿಂದ ಬಂದರೂ, ಕತ್ತರಿ ಹಿಡಿಯುವ ಮುನ್ನ ಆ ಚೌಕದ ಉದ್ದ ಅಗಲಗಳೆರಡನ್ನೂ ಅಳೆಯಿರಿ. ನನ್ನ ತಪ್ಪಿನ ದಿನ ಅದು ಅಲ್ಲಿದ್ದು, ನಾನು ಅಳೆದಿದ್ದರೆ, 9.4 ಎಂದು ತೋರಿಸಿ ಇಪ್ಪತ್ತನಾಲ್ಕು ಅಂಗಿಗಳನ್ನು ಉಳಿಸುತ್ತಿತ್ತು. ಮೂರನೆಯದಾಗಿ, ಕೂಡಬೇಕಾದ ಹೊಲಿಗೆಗಳನ್ನು ಜೋಡಿಜೋಡಿಯಾಗಿ ಅಳೆದು ನೋಡಿ: ತೋಳಿನ ತಲೆಗೆ ಕಂಕುಳು, ಕಾಲರಿಗೆ ಕೊರಳು, ಮುಂಭಾಗದ ಪಕ್ಕಕ್ಕೆ ಬೆನ್ನಿನ ಪಕ್ಕ. ನಾಲ್ಕನೆಯದಾಗಿ, ಅಚ್ಚಿನ ಮೇಲಿನ ಬರಹವನ್ನು ಯೂನಿಕೋಡ್ ಕನ್ನಡದಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಗೆರೆಗಳಾಗಿ ಮಾರ್ಪಡಿಸಿಯೂ ಇಡಿ. ಆಗ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿಯೂ ಓದಬಹುದು. ಐದನೆಯದಾಗಿ, ಮೂಲ ಕಡತದ ಜೊತೆಗೆ ಎಸ್‌ವಿಜಿ ಮತ್ತು ಪಿಡಿಎಫ್ ಪ್ರತಿಗಳನ್ನೂ ಇಡಿ. ಕೊನೆಯದಾಗಿ, ಕೋರಾ ಬಟ್ಟೆಯಲ್ಲಿ ಒಂದು ಅಂಗಿ ಹೊಲಿದು, ತೊಡಿಸಿ, ತೋಳೆತ್ತಿಸಿ ನೋಡುವವರೆಗೆ ವಲಸೆ ಮುಗಿಯಿತೆಂದು ಹೇಳಬೇಡಿ. ಆ ಮೇಲೂ ರಟ್ಟನ್ನು ಎಸೆಯಬೇಡಿ.

ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ಅಂಗಡಿಯ ಸಂಬಳದಲ್ಲಿ ಮಾಡಿದ ಅಚ್ಚು ಯಾರದು, ದರ್ಜಿ ಸ್ವಂತವಾಗಿ ಊರಿನಿಂದ ತಂದದ್ದು ಯಾರದು ಎಂಬುದನ್ನು ಗಣಕಕ್ಕೆ ಏರಿಸುವ ಮೊದಲೇ ಮಾತಾಡಿಕೊಳ್ಳಿ. ರಟ್ಟು ಒಂದೇ ಕಡೆ ಇರುತ್ತದೆ. ಕಡತ ಒಂದು ಕ್ಷಣದಲ್ಲಿ ಹತ್ತು ಕಡೆ ಇರುತ್ತದೆ. ಇಪ್ಪತ್ತು ವರ್ಷ ದುಡಿದ ಮಾಸ್ಟರರೊಬ್ಬರ ಅನುಭವವನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು, ಅವರನ್ನು ಬರಿಗೈಯಲ್ಲಿ ಊರಿಗೆ ಕಳುಹಿಸುವುದು ನ್ಯಾಯವಲ್ಲ. ಅವರ ತಲೆಯಲ್ಲಿರುವ ಸಡಿಲದ ಲೆಕ್ಕ, ಅಂಚಿನ ಲೆಕ್ಕಗಳನ್ನು ಪಕ್ಕದಲ್ಲಿ ಕುಳಿತು ಕೇಳಿ ಬರೆದುಕೊಳ್ಳುವವರು ಬೇಕು. ಗಣಕ ಬಲ್ಲ ನಿಮ್ಮ ಮಕ್ಕಳು ರಜೆಯ ದಿನಗಳಲ್ಲಿ ಈ ಕೆಲಸಕ್ಕೆ ಕುಳಿತರೆ ಅವರಿಗೆ ಒಂದು ಕಸುಬಿನ ಕನ್ನಡ ದೊರೆಯುತ್ತದೆ. ಮಾಸ್ಟರರು ಊರಿಗೆ ಮರಳುವಾಗ ತಮ್ಮ ದುಡಿಮೆಯ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದು ಹೋಗಬಹುದು.