ವಾಚ್‌ಗೂ ಸಿಮ್ ಬೇಕಾ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಗೆಳೆಯರೇ, ಸ್ಮಾರ್ಟ್‌ವಾಚ್ ತಗೊಳ್ಳೋ ಮುಂಚೆ ಇದನ್ನೊಮ್ಮೆ ಕೇಳಿ.

ಬಾಕ್ಸ್ ಮೇಲೆ ‘ಬ್ಲೂಟೂತ್ ಕಾಲಿಂಗ್’ ಅಂತಿದ್ರೆ ಮಾತಾಡೋದು ವಾಚ್‌ನಲ್ಲಿ, ಕಾಲ್ ಹೋಗೋದು ಮಾತ್ರ ಫೋನ್‌ನಿಂದಲೇ. ಫೋನ್ ಸುಮಾರು 10 ಮೀಟರ್ ಒಳಗಿರಬೇಕು. ಅದನ್ನು ಬದುವಿನ ಮೇಲಿಟ್ಟು ಹೊಲದ ಆ ತುದಿಗೆ ಹೋದ್ರೆ ಕಾಲ್ ಬರಲ್ಲ.

ಸೆಲ್ಯುಲಾರ್ ವಾಚ್‌ನಲ್ಲಿ ಇ-ಸಿಮ್ ಇರುತ್ತೆ. ಫೋನ್ ಮನೇಲಿದ್ರೂ ಕಾಲ್ ಬರುತ್ತೆ. ಆದ್ರೆ ಬೆಲೆ ಜಾಸ್ತಿ, ಸಿಮ್ ಬಳಸಿದಷ್ಟೂ ಬ್ಯಾಟರಿ ಬೇಗ ಇಳಿಯುತ್ತೆ. ಅದಕ್ಕೂ ಟವರ್ ಬೇಕು. ಕೊಟ್ಟೂರು ತೇರಿನ ಗದ್ದಲದಲ್ಲಿ ಫೋನ್‌ಗೆ ನೆಟ್‌ವರ್ಕ್ ಸಿಗದಿದ್ರೆ, ಅದೇ ಕಂಪನಿಯ ಸಿಮ್ ಇರೋ ವಾಚ್‌ಗೂ ಕಷ್ಟವೇ.

ಪೊಲೀಸ್ ನೇಮಕಾತಿಗೆ 1,600 ಮೀಟರ್ ಓಡೋರಿಗೆ ಒಳಗೇ ಜಿಪಿಎಸ್ ಇರೋ ಬ್ಲೂಟೂತ್ ವಾಚ್ ಸಾಕು. ಫೋನ್ ಇಲ್ಲದೆಯೂ ದೂರ ಅಳೆಯುತ್ತೆ. ಫೋನ್ ಬಿಟ್ಟು ಒಬ್ಬರೇ ದೂರ ಹೋಗೋರಿಗೆ ಸೆಲ್ಯುಲಾರ್ ಉಪಯೋಗ.

ದುಡ್ಡು ಕೊಡೋ ಮೊದಲು ಸಿಮ್ ಕಂಪನಿಯವರನ್ನ ಕೇಳಿ: ಈ ಮಾಡೆಲ್‌ಗೆ ಇ-ಸಿಮ್ ಕೊಡ್ತೀರಾ? ನನ್ನ ಪ್ರಿಪೇಯ್ಡ್ ಪ್ಲಾನ್‌ನಲ್ಲೇ ಆಗುತ್ತಾ, ಪೋಸ್ಟ್‌ಪೇಯ್ಡ್ ಬೇಕಾ? ಅದೇ ನಂಬರ್ ಬರುತ್ತಾ? ತಿಂಗಳಿಗೆ ಎಷ್ಟು ಹೆಚ್ಚಾಗುತ್ತೆ? ಸರಿಯಾದ ಉತ್ತರ ಸಿಗೋವರೆಗೂ ದುಡ್ಡು ಜೇಬಲ್ಲೇ ಇರಲಿ.