ಸರ್ವರ್‌ಗೂ ಒಂದು ಮಿತಿಯಿದೆ



2011ರಲ್ಲಿ ಆರ್‌ಎಫ್‌ಸಿ 6455 ಆಗಿ ಪ್ರಕಟವಾದ ವೆಬ್‌ಸಾಕೆಟ್, ಒಮ್ಮೆ ತೆರೆದ ಸಂಪರ್ಕದಲ್ಲೇ ಎರಡೂ ಕಡೆಯಿಂದ ಸಂದೇಶ ಸಾಗಿಸುತ್ತದೆ. ಸಂದೇಶ ಬರುವ ವೇಗಕ್ಕೆ ಸರ್ವರ್‌ನ ಕೆಲಸ ಸಾಟಿಯಾಗದಿದ್ದರೆ? ಬಂದದ್ದನ್ನೆಲ್ಲ ಮೆಮೊರಿಯಲ್ಲಿ ಸಾಲಾಗಿ ಪೇರಿಸುತ್ತ ಹೋದರೆ, ಮೆಮೊರಿ ಮುಗಿದೊಡನೆ ಸರ್ವರ್ ನಿಂತುಹೋಗುತ್ತದೆ. ಒಬ್ಬನ ಅತಿವೇಗಕ್ಕೆ ಎಲ್ಲರ ಸಂಪರ್ಕವೂ ಬಲಿ.

ಆದ್ದರಿಂದ ಪ್ರತಿ ಸಂಪರ್ಕದ ಸಾಲಿಗೂ ಮಿತಿ ಇಡಿ. ಮಿತಿ ಮುಟ್ಟಿದಾಗ ಆ ಸಾಕೆಟ್‌ನಿಂದ ಓದುವುದನ್ನು ನಿಲ್ಲಿಸಿ. ಆಗ ಟಿಸಿಪಿಯ ಬಫರ್ ತುಂಬಿ, ಜಾಗವಿಲ್ಲವೆಂಬ ಸೂಚನೆ ಆಚೆ ಬದಿಗೆ ತಲುಪುತ್ತದೆ. ಕಳುಹಿಸುವುದು ತಾನಾಗಿ ನಿಲ್ಲುತ್ತದೆ. ಸಾಲು ಕರಗಿದ ಮೇಲೆ ಮತ್ತೆ ಓದಿ. ಇದೇ ಬ್ಯಾಕ್‌ಪ್ರೆಶರ್.

ಒಂದು ಎಚ್ಚರಿಕೆ: ಓದು ನಿಂತಾಗ ಪಿಂಗ್‌, ಪಾಂಗ್‌ಗಳೂ ಕಾಯುತ್ತವೆ. ಉತ್ತರ ಬರಲಿಲ್ಲವೆಂದು ಸಂಪರ್ಕವನ್ನು ಅವಸರದಲ್ಲಿ ಕಡಿಯಬೇಡಿ.