ಗತಿ ತಪ್ಪಿದ ಎದೆಬಡಿತ: ಒಳಗೆ ನಡೆಯುವುದೇನು?



ಪೀಣ್ಯದ ಕಾರ್ಖಾನೆಯೊಂದರಲ್ಲಿ ಹತ್ತು ಜನ ಸೇರಿ ಭಾರದ ಯಂತ್ರವೊಂದನ್ನು ಎತ್ತುತ್ತಿದ್ದಾರೆ ಎಂದುಕೊಳ್ಳಿ. ಒಬ್ಬ ‘ಐಸಾ’ ಎಂದು ಕೂಗುತ್ತಾನೆ, ಉಳಿದವರು ಆ ಕೂಗಿಗೆ ಸರಿಯಾಗಿ ಒಟ್ಟಿಗೆ ಬಲ ಹಾಕುತ್ತಾರೆ. ಹತ್ತು ಜನರೂ ತಮತಮಗೆ ತೋಚಿದಾಗ ಕೂಗಿ ಎತ್ತಲು ಹೋದರೆ ಎಲ್ಲರಿಗೂ ಬೆವರು ಇಳಿಯುತ್ತದೆ, ಯಂತ್ರ ಮಾತ್ರ ಅಲುಗುವುದಿಲ್ಲ. ಹೃದಯದ ಮೇಲಿನ ಎರಡು ಕೋಣೆಗಳಲ್ಲಿ ಹೀಗಾಗುವ ಕಾಯಿಲೆಗೆ ವೈದ್ಯರು ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಕನ್ನಡದಲ್ಲಿ ಹೃತ್ಕರ್ಣದ ಕಂಪನ ಎನ್ನಬಹುದು.

ಆರೋಗ್ಯವಂತ ಹೃದಯದಲ್ಲಿ ‘ಐಸಾ’ ಎನ್ನುವುದು ಬಲ ಹೃತ್ಕರ್ಣದಲ್ಲಿರುವ ಒಂದು ಪುಟ್ಟ ಗಂಟು. 1907ರಲ್ಲಿ ಕೀತ್ ಮತ್ತು ಫ್ಲಾಕ್ ಎಂಬಿಬ್ಬರು ಇದನ್ನು ಗುರುತಿಸಿದರು. ವಿಶ್ರಾಂತಿಯಲ್ಲಿರುವಾಗ ಅದು ನಿಮಿಷಕ್ಕೆ 60ರಿಂದ 100 ಬಾರಿ ವಿದ್ಯುತ್ ಸಂಕೇತ ಕಳುಹಿಸುತ್ತದೆ. ಕಂಪನ ಶುರುವಾದಾಗ ಈ ಒಡೆಯನ ಕೂಗು ಗದ್ದಲದಲ್ಲಿ ಮುಳುಗಿಹೋಗುತ್ತದೆ. ಹೃತ್ಕರ್ಣಗಳಲ್ಲಿ ನಿಮಿಷಕ್ಕೆ 350ರಿಂದ 600ರಷ್ಟು ಸಂಕೇತಗಳು ಅಡ್ಡಾದಿಡ್ಡಿ ಸುತ್ತುತ್ತವೆ. ಕೋಣೆ ಸಂಕುಚಿಸುವ ಬದಲು ಬರಿದೆ ನಡುಗುತ್ತದೆ. ಕೆಳಗಿನ ಕೋಣೆಗಳಿಗೆ ಹೋಗುವ ದಾರಿಯಲ್ಲಿ ಇನ್ನೊಂದು ಗಂಟು ಕಾವಲುಗಾರನಂತೆ ನಿಂತು ಕೆಲವನ್ನಷ್ಟೇ ಬಿಡುವುದರಿಂದ ಜೀವ ಉಳಿಯುತ್ತದೆ. ಆದರೆ ಅವು ಬಿಡುವ ಹೊತ್ತಿಗೆ ಲೆಕ್ಕವಿಲ್ಲ. ನಾಡಿ ಗತಿಗೆಡುವುದು ಆದ್ದರಿಂದಲೇ.

ಮೊದಲ ಕಿಡಿ ಎಲ್ಲಿಂದ ಬರುತ್ತದೆ? ಫ್ರಾನ್ಸಿನ ಬೋರ್ಡೊ ನಗರದ ಡಾ. ಐಸಾಗೆರ್ ಮತ್ತು ಸಂಗಡಿಗರು 1998ರಲ್ಲಿ 45 ರೋಗಿಗಳಲ್ಲಿ ಇದನ್ನು ಹುಡುಕಿದರು. ಸಿಕ್ಕಿದ 69 ಕಿಡಿತಾಣಗಳಲ್ಲಿ 65, ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳ ಒಳಗಿದ್ದವು. ಕಂಪನಕ್ಕೆ ಕಾರಣವಾಗುವ ಈ ಜಾಗಗಳನ್ನು ಕ್ಯಾತಿಟರ್ ಮೂಲಕ ಬೇರ್ಪಡಿಸುವ ಇಂದಿನ ಚಿಕಿತ್ಸೆಗೆ ಅದೇ ಅಡಿಪಾಯ.

ಕಿಡಿ ಬಿದ್ದ ಕಡೆಯಲ್ಲೆಲ್ಲ ಬೆಂಕಿ ಹತ್ತುವುದಿಲ್ಲ, ಒಣಹುಲ್ಲೂ ಬೇಕು. 1995ರಲ್ಲಿ ಹಾಲೆಂಡಿನ ವಿಜ್ಞಾನಿಗಳು ಆಡುಗಳ ಮೇಲೆ ನಡೆಸಿದ ಪ್ರಯೋಗ ಇದನ್ನು ತೋರಿಸಿತು. ಮೊದಲ ದಿನ ಕೃತಕವಾಗಿ ಎಬ್ಬಿಸಿದ ಕಂಪನ ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ನಿಂತಿತು. ಅದನ್ನು ಮತ್ತೆ ಮತ್ತೆ ಎಬ್ಬಿಸುತ್ತ ಹೋದಂತೆ, ಒಂದೆರಡು ವಾರಗಳಲ್ಲಿ 11 ಆಡುಗಳ ಪೈಕಿ 10ರಲ್ಲಿ ಅದು ದಿನವಿಡೀ ನಿಲ್ಲದೆ ಮುಂದುವರಿಯಿತು. ಒಂದು ಬಡಿತದ ನಂತರ ಜೀವಕೋಶ ಪಡೆಯುವ ಕಿರುವಿಶ್ರಾಂತಿ ಮೊಟಕಾಗಿ, ಮುಂದಿನ ಸುತ್ತಾಟಕ್ಕೆ ದಾರಿ ಸಲೀಸಾಗಿತ್ತು. ಕಂಪನವೇ ಕಂಪನವನ್ನು ಬೆಳೆಸುತ್ತದೆ. ಕಾಲ ಕಳೆದಂತೆ ಸ್ನಾಯುವಿನ ನಡುವೆ ನಾರು ಬೆಳೆದು ಗಾಯದ ಕಲೆಯಂತೆ ಉಳಿಯುತ್ತದೆ. ಸಂಕೇತಗಳು ಅದನ್ನು ಬಳಸಿ ಸುತ್ತುತ್ತವೆ.

ಈ ನಾರನ್ನು ಬೆಳೆಸುವ ದಾರಿಗಳು ಮುಖ್ಯವಾಗಿ ಎರಡು. ಒಂದು, ಏರು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಮದ್ಯ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಮತ್ತು ವಯಸ್ಸು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿ ರಾತ್ರಿ ಪಾಳಿ ಮಾಡುವವರು ಇನ್ನೊಂದು ಮಾತನ್ನೂ ಗಮನಿಸಬೇಕು. ಬ್ರಿಟನ್ನಿನ 2.8 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಪರಿಶೀಲಿಸಿದ 2021ರ ಅಧ್ಯಯನವೊಂದರಲ್ಲಿ, ಬಹುಪಾಲು ರಾತ್ರಿ ಪಾಳಿಯಲ್ಲೇ ದುಡಿಯುವವರಿಗೆ ಈ ಕಾಯಿಲೆಯ ಸಂಭವ ಹಗಲು ದುಡಿಯುವವರಿಗಿಂತ ಸುಮಾರು ಶೇಕಡಾ 12ರಷ್ಟು ಹೆಚ್ಚಿತ್ತು. ಪಾಳಿಯೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಎಚ್ಚರ ವಹಿಸಲು ಮಾತ್ರ ಸಾಕು.

ಎರಡನೆಯ ದಾರಿ ಬಾಲ್ಯದ ಗಂಟಲು ನೋವಿನಿಂದ ಹೊರಡುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧ ಹೋರಾಡುವ ರಕ್ಷಣಾ ಪಡೆ ಕೆಲವು ಮಕ್ಕಳಲ್ಲಿ ದಾರಿ ತಪ್ಪಿ ಸ್ವಂತ ಹೃದಯದ ಕವಾಟವನ್ನೇ ಘಾಸಿಗೊಳಿಸುತ್ತದೆ. ಇದೇ ರುಮ್ಯಾಟಿಕ್ ಜ್ವರ. ವರ್ಷಗಳು ಕಳೆದಂತೆ 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ಮೈಟ್ರಲ್ ಕವಾಟದ ಬಾಯಿ ಕಿರಿದಾಗುತ್ತದೆ. ಮುಂದೆ ಹೋಗಲಾರದ ರಕ್ತದ ಒತ್ತಡಕ್ಕೆ ಎಡ ಹೃತ್ಕರ್ಣ ಹಿಗ್ಗಿ, ಅಲ್ಲಿಯೂ ನಾರು ಬೆಳೆಯುತ್ತದೆ. ವೈಟ್‌ಫೀಲ್ಡ್‌ನಲ್ಲಿ 2001ರ ಜನವರಿಯಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಉಚಿತ. ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರದಲ್ಲಿ ಡಾ. ದೇವಿ ಶೆಟ್ಟಿಯವರು ಕಟ್ಟಿದ ನಾರಾಯಣ ಹೃದಯಾಲಯವಿದೆ. ಇಂಥ ಕಡೆ ಕವಾಟವನ್ನು ಬದಲಿಸಬಹುದು. ಆದರೆ ಹೃತ್ಕರ್ಣದಲ್ಲಿ ಆಗಲೇ ಬಲಿತ ನಾರು ಕವಾಟದೊಂದಿಗೆ ಹೊರಬರುವುದಿಲ್ಲ. ಬೇಗ ಬರಬೇಕು ಎಂದು ವೈದ್ಯರು ಹೇಳುವುದರ ಅರ್ಥ ಇದು.

ತಡವಾದರೆ ಬರುವ ಅಪಾಯವೇ ಪಾರ್ಶ್ವವಾಯು. ನಡುಗುವ ಕೋಣೆಯ ಮೂಲೆಯಲ್ಲಿ, ಕಿವಿಯಾಕಾರದ ಚಿಕ್ಕ ಚೀಲದಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹಾರಿದರೆ ಮನೆ ನಡೆಸುವ ಕೈಯೇ ಬಿದ್ದುಹೋಗಬಹುದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1978ರಲ್ಲೇ ಲೆಕ್ಕ ಕೊಟ್ಟಿತು: ಈ ಕಂಪನವುಳ್ಳವರಿಗೆ ಪಾರ್ಶ್ವವಾಯುವಿನ ಸಂಭವ ಐದು ಪಟ್ಟು ಹೆಚ್ಚು, ರುಮ್ಯಾಟಿಕ್ ಕಾಯಿಲೆಯೂ ಜೊತೆಗಿದ್ದರೆ 17 ಪಟ್ಟು.

ಹಾಗಾದರೆ ನಾವು ಮಾಡಬೇಕಾದುದೇನು? ಎದೆ ಡವಗುಟ್ಟುವುದು, ಏದುಸಿರು, ಕಾರಣವಿಲ್ಲದ ಸುಸ್ತು ಕಂಡರೆ ತಡಮಾಡಬೇಡಿ. ಅನೇಕರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಆದ್ದರಿಂದ ನಲವತ್ತು ದಾಟಿದವರು ಆಗಾಗ ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಹಿಡಿದು ನೋಡಿ. ಬಡಿತಗಳ ನಡುವಿನ ಅಂತರ ಮನಬಂದಂತೆ ಬದಲಾಗುತ್ತಿದ್ದರೆ ಇಸಿಜಿ ಮಾಡಿಸಿ. ಎಲ್ಲ ಗತಿಭೇದವೂ ಈ ಕಾಯಿಲೆಯಲ್ಲ. ಇಸಿಜಿಯೇ ನಿಜ ಹೇಳಬೇಕು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಬರೆದಿದ್ದರೆ, ಚೆನ್ನಾಗಿದ್ದೇನೆಂದು ನೀವಾಗಿ ನಿಲ್ಲಿಸಬೇಡಿ. ಮಗುವಿಗೆ ಜ್ವರದೊಡನೆ ಗಂಟಲು ನೋವು ಬಂದು, ಕೆಲವು ವಾರಗಳ ನಂತರ ಕೀಲುಗಳು ಊದಿಕೊಂಡರೆ, ಬೆಳೆಯುವ ಮಕ್ಕಳಿಗೆ ಇದೆಲ್ಲ ಸಹಜವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. ಮೂವತ್ತು ವರ್ಷಗಳ ನಂತರದ ಹೃದಯವನ್ನು ಆ ದಿನವೇ ಕಾಪಾಡಿದಂತಾಗುತ್ತದೆ.